ಮುತಹರ್ ನುಂಗಿದ ಮಾತು

ಮುತಹರ್ ಸಾಲೆಹ್ ನಾಳೆಯ ಬಗ್ಗೆ ಏನೇ ಹೇಳಲಿ, ಕೊನೆಗೊಂದು ‘ಇನ್ಶಾ ಅಲ್ಲಾ’ ಸೇರಿಸದೆ ಬಾಯಿ ಮುಚ್ಚುತ್ತಿರಲಿಲ್ಲ. ಬಸ್ಸು ಬರುತ್ತದೆ, ದೇವರು ಬಯಸಿದರೆ. ಹಿಮ ಕರಗುತ್ತದೆ, ದೇವರು ಬಯಸಿದರೆ. ಮಗಳು ಅರ್ವಾ ಗಣಿತದಲ್ಲಿ ಪಾಸಾಗುತ್ತಾಳೆ, ದೇವರು ಬಯಸಿದರೆ. ಅವಳಿಗೆ ಗಣಿತ ಕಲಿಸುತ್ತಿದ್ದವನು ನಾನು. “ಅದರಲ್ಲಿ ನಂದೂ ಸ್ವಲ್ಪ ಪಾಲಿದೆಯಪ್ಪ” ಎಂದರೆ, “ಇದೆ ಉಸ್ತಾದ್, ಇನ್ಶಾ ಅಲ್ಲಾ” ಎಂದು ನನ್ನನ್ನೂ ದೇವರ ಕಡೆಗೇ ದೂಡುತ್ತಿದ್ದ.

ಡೆಟ್ರಾಯಿಟ್ ಪಕ್ಕದ ನಮ್ಮೂರಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕಾರಿಗೆ ಬಾಗಿಲು ಜೋಡಿಸಿ ಅವನ ಬಲಭುಜ ಒಂದಿಷ್ಟು ಇಳಿದಿತ್ತು; ಆ ಊನವನ್ನು ಮರೆಸಲು ಬೇಸಿಗೆಯಲ್ಲೂ ಬೂದುಬಣ್ಣದ ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಬಿಗಿದು, ಯೆಮೆನಿನ ಬೆಟ್ಟವನ್ನು ಇನ್ನೂ ಏರುತ್ತಿರುವವನಂತೆ ಮುಂದಕ್ಕೆ ಬಾಗಿ ನಡೆಯುತ್ತಿದ್ದ. ಅದೇ ಕೋಟಿನಲ್ಲಿ ಏಳು ವರ್ಷ ಶಾಲಾ ಮಂಡಳಿಯ ಸಭೆಗೆ ಹೋಗಿ, ಕ್ರಿಸ್‌ಮಸ್ಸಿಗೂ ಗುಡ್ ಫ್ರೈಡೇಗೂ ಜಾಗವಿದ್ದ ರಜಾಪಟ್ಟಿಯಲ್ಲಿ ಈದ್‌ಗೂ ಒಂದು ದಿನ ಬೇಡಿದ.

ಎಂಟನೆಯ ವರ್ಷ ಅಧ್ಯಕ್ಷೆ ಮಿಸೆಸ್ ಗುರ್ಸ್ಕಿ ಪೆನ್ನಿನ ಮುಚ್ಚಳ ತೆಗೆದರು.

“ಒಂದು ವರ್ಷ ಕೊಟ್ಟು ನೋಡೋಣ. ಹಬ್ಬದ ವಾರದಲ್ಲೇ ಗುರುವಾರ ರಾಜ್ಯದ ಪರೀಕ್ಷೆ ಇದೆ. ನಿಮ್ಮ ಹಬ್ಬ ಬುಧವಾರಾನೇ ತಾನೇ?”

“ಬುಧವಾರಾನೇ ಅಮ್ಮಾ, ಇನ್ಶಾ ಅಲ್ಲಾ.”

“ಅದೆಲ್ಲ ಬೇಡ. ಹೌದೋ ಅಲ್ವೋ, ಅಷ್ಟು ಹೇಳಿ.”

ಅವನು ಪಕ್ಕದಲ್ಲಿ ಕೂತಿದ್ದ ನನ್ನ ಮುಖ ನೋಡಿದ. ಲೆಕ್ಕದ ಮೇಷ್ಟ್ರಾದ ನಾನು, ಹೇಳಿಬಿಡು ಎಂಬಂತೆ ತಲೆಯಾಡಿಸಿದೆ. “ಹೌದು” ಎಂದ. ಬರಿಯ ಹೌದು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅವನಿಗೆ ನೆಮ್ಮದಿಯಿಲ್ಲ. ರಂಜಾನಿನ ಇಪ್ಪತ್ತೊಂಬತ್ತನೆಯ ಉಪವಾಸ ಮಂಗಳವಾರಕ್ಕೆ ಬಿತ್ತು. ಸಂಜೆ ಚಂದ್ರ ಕಂಡರೆ ಬುಧವಾರ ಈದ್, ಕಾಣದಿದ್ದರೆ ಗುರುವಾರ. ಶಾಲೆಯ ಮೈದಾನದಲ್ಲಿ ನಾವು ಮೂವರು ಪಶ್ಚಿಮಕ್ಕೆ ಮುಖಮಾಡಿ ನಿಂತಾಗ ನನ್ನೆದೆಯಲ್ಲೂ ಅವಲಕ್ಕಿ ಕುಟ್ಟುತ್ತಿತ್ತು. ಅವನಂತೂ ಉಪವಾಸ ಬಿಡಲು ತಂದ ಖರ್ಜೂರವನ್ನು ಮುಷ್ಟಿಯಲ್ಲೇ ಹಿಸುಕಿ ಮುದ್ದೆಮಾಡಿದ್ದ.

“ಬಾಬಾ, ಬರೀ ಮೋಡ” ಎಂದಳು ಅರ್ವಾ.

“ಸುಮ್ನಿರೇ. ಸರಿಯುತ್ತೆ.”

ಆ ಮಾತಿನ ಹಿಂದೆಯೂ ದೇವರು ಬರಲಿಲ್ಲವಲ್ಲ ಎಂದು ನನಗೆ ಹೆದರಿಕೆಯಾಯಿತು. ಅಷ್ಟರಲ್ಲಿ ಮಸೀದಿಯಿಂದ ಫೋನು ಬಂತು: ಚಂದ್ರ ಎಲ್ಲೂ ಕಂಡಿಲ್ಲ, ಈದ್ ಗುರುವಾರ.

ಬುಧವಾರ ಶಾಲೆಗೆ ಬೀಗ, ಮನೆಗಳಲ್ಲಿ ಉಪವಾಸ. ಗುರುವಾರ ನನ್ನ ಪರೀಕ್ಷಾ ಕೋಣೆಯಲ್ಲಿ ಮೂವತ್ತು ಮೇಜಿಗೆ ಒಂಬತ್ತು ಮಕ್ಕಳು. ಶಾಲೆಯ ತುಂಬ ಇದ್ದ ಯೆಮೆನಿ ಮಕ್ಕಳ ಪೈಕಿ ಬಂದವಳು ಅರ್ವಾ ಒಬ್ಬಳೇ. ಹಬ್ಬದ ಹೊಸ ಬಟ್ಟೆ, ಅತ್ತ ಕಣ್ಣು. ಅಪ್ಪ ಕೊಟ್ಟ ಮಾತನ್ನು ಉಳಿಸಲು ಮಗಳು ಹಬ್ಬ ಬಿಟ್ಟು ಬಂದಿದ್ದಳು. ನನಗೆ ನಾಚಿಕೆಯಾಯಿತು.

ಮುಂದಿನ ಸಭೆಯಲ್ಲಿ ಮಿಸೆಸ್ ಗುರ್ಸ್ಕಿ ಕೇಳಿದರು: “ಹೌದು ಅಂದಿದ್ರಲ್ಲ ನೀವು?”

ಮುತಹರ್ ಕೋಟಿನ ಮೇಲಿನ ಗುಂಡಿ ಬಿಚ್ಚಿ ಎದ್ದುನಿಂತ. “ಚಂದ್ರಂದೇನೂ ತಪ್ಪಿಲ್ಲಮ್ಮಾ. ನಾನೇ ಒಂದು ಮಾತು ನುಂಗ್ಬಿಟ್ಟೆ.”

“ಹಾಗಾದ್ರೆ ಮುಂದಿನ ವರ್ಷ? ದಿನ ಖಚಿತಾನಾ?”

ಈ ಸಲ ಅವನು ನನ್ನತ್ತ ನೋಡಲಿಲ್ಲ. “ಸೋಮವಾರ. ಇನ್ಶಾ ಅಲ್ಲಾ.”

ಪರರ ಪಂಚಾಂಗದಲ್ಲಿ ಒಂದು ದಿನದ ಜಾಗ ಕೇಳುವವರಿಂದ ಲೋಕ ಮೊದಲು ಬಯಸುವುದು ಖಾತರಿಯನ್ನು. ತಮ್ಮ ದೇವರೇ ಕೊಡದ ಖಾತರಿಯನ್ನು ಅವರು ಮಕ್ಕಳ ಮುಖ ನೋಡಿ ಕೊಟ್ಟುಬಿಡುತ್ತಾರೆ, ಆಮೇಲೆ ಆಕಾಶ ನೋಡುತ್ತ ನಡುಗುತ್ತಾರೆ. ಮಿಸೆಸ್ ಗುರ್ಸ್ಕಿ ಪೆನ್ನು ಕೆಳಗಿಟ್ಟು, ಪಕ್ಕದವರಿಂದ ಪೆನ್ಸಿಲ್ ಇಸಿದುಕೊಂಡು ರಜಾಪಟ್ಟಿಯಲ್ಲಿ ಆ ದಿನ ಬರೆದರು. ಅವನು ಸಮಾಧಾನದಿಂದ ಕೂತ. ಪೆನ್ಸಿಲ್ಲಿನ ಹಿಂಬದಿಯ ರಬ್ಬರಿನಿಂದ ಕಣ್ಣು ಕೀಳಲಾಗದೆ ನಾನು ಕೂತೇ ಇದ್ದೆ.