ಗೊಟ್ಟಿಗೆರೆಯ ಖಾಲಿ ಪಟ್ಟೆ

ಕುಂಯ್ ಎಂದು ಒಂದು ಸಣ್ಣ ಸದ್ದು, ಸೊಳ್ಳೆಯದಕ್ಕಿಂತ ತುಸು ದಪ್ಪ. ನಿಂತಿತು. ಮತ್ತೆ ಬಂತು.

ರಾತ್ರಿ ಒಂದೂವರೆ ಗಂಟೆ. ಯಜಮಾನರು ಗಾಢ ನಿದ್ದೆಯಲ್ಲಿದ್ದರು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ನಾನು ಕೆಲಸ ಮಾಡುವ ಬನಶಂಕರಿಯ ಕಾರ್ಖಾನೆಯಲ್ಲಿ ನೆಲಬಾಂಬು ಹುಡುಕುವ ಯಂತ್ರ ತಯಾರಾಗುತ್ತದೆ. ಲೋಹದ ಮೇಲೆ ಹಾದರೆ ಅದು ಹಾಗೆ ಕುಂಯ್‌ಗುಡುತ್ತದೆ. ಆದರೆ ಈಗ ಸದ್ದು ಬರುತ್ತಿದ್ದುದು ತಿಲಕ್ ನಗರದ ನಮ್ಮ ಮನೆಯ ಹಿತ್ತಲಿನಿಂದ.

ಕಿಟಕಿಯಿಂದ ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸಾರ್ಜೆಂಟ್ ಬೆನಿತೆಸ್ ಕುಕ್ಕರಗಾಲಲ್ಲಿ ಕೂತಿದ್ದರು.

1983ರ ನವೆಂಬರ್. ಫಿಲಿಪ್ಪೀನ್ಸ್ ಸೈನ್ಯ ನಮ್ಮ ಕಾರ್ಖಾನೆಯಿಂದ ನಲವತ್ತು ಯಂತ್ರ ಕೊಳ್ಳುವುದಿತ್ತು. ಅದನ್ನು ಬಳಸುವುದನ್ನು ಕಲಿತು, ಪರೀಕ್ಷಿಸಿ, ಒಪ್ಪಿಗೆಗೆ ಸಹಿ ಹಾಕಲು ಸಾರ್ಜೆಂಟ್ ಬೆನಿತೆಸ್ ಮತ್ತು ಕಾರ್ಪೊರಲ್ ಲಿತೊ ಬಂದಿದ್ದರು. ನಮ್ಮ ಮಹಡಿಯ ಎರಡು ಕೋಣೆಗಳನ್ನು ಕಾರ್ಖಾನೆಯವರೇ ಅವರಿಗಾಗಿ ಮೂರು ವಾರಕ್ಕೆ ತೆಗೆದುಕೊಂಡಿದ್ದರು. ಯಂತ್ರದ ಕೈಪಿಡಿ ಬರೆಯುವುದು ನನ್ನ ಕೆಲಸ. ಯಾವ ಗುಂಡಿ ಎಲ್ಲಿಗೆ ತಿರುಗಿಸಬೇಕು, ಏನು ಮಾಡಬಾರದು ಎಂಬುದನ್ನೆಲ್ಲ ಯಾರಿಗೂ ಅನುಮಾನ ಬಾರದ ಹಾಗೆ ಬರೆಯಬೇಕು.

ಶಾಲು ಹೊದ್ದು ಹಿತ್ತಲಿಗೆ ಹೋದೆ.

"ಎಬ್ಬಿಸಿಬಿಟ್ಟೆನೇ ಮಾಮ್? ಕ್ಷಮಿಸಿ," ಎಂದರು ಇಂಗ್ಲಿಷಿನಲ್ಲಿ. ಆಮೇಲೆ ಯಂತ್ರದ ಸೂಕ್ಷ್ಮತೆ ಏರಿಸಿ ಇಳಿಸುವ ಗುಂಡಿ ತೋರಿಸಿದರು. "ಇಲ್ಲಿ ಮಣ್ಣಿನಡಿ ಒಂದು ಸಣ್ಣ ಮೊಳೆ ಇಟ್ಟಿದ್ದೇನೆ. ಆರರಲ್ಲಿ ಕೇಳಿ."

ಕುಂಯ್.

"ಈಗ ನಿಮ್ಮ ಕೈಪಿಡಿ ಹೇಳುವ ನಾಲ್ಕರಲ್ಲಿ."

ಏನೂ ಇಲ್ಲ. ದೂರದಲ್ಲಿ ನಾಯಿಯೊಂದು ಬೊಗಳಿತು, ಅಷ್ಟೇ.

"ನಮ್ಮಲ್ಲಿ ಅಮೆರಿಕದವರು ಕೊಟ್ಟ ಹಳೆಯ ಯಂತ್ರಗಳಿವೆ. ಅವರೇ ನನಗೆ ಕಲಿಸಿದ್ದು. ಭಾರ, ಬ್ಯಾಟರಿಯೂ ಸಿಗುವುದಿಲ್ಲ. ನಿಮ್ಮದು ಹಗುರ. ಆದರೆ ನಮ್ಮ ದ್ವೀಪದಲ್ಲಿ ಬಂಡುಕೋರರು ಬಾಂಬನ್ನು ಮನೆಯಲ್ಲೇ ಮಾಡುತ್ತಾರೆ ಮಾಮ್. ಮರದ ಪೆಟ್ಟಿಗೆ, ಗಾಜಿನ ಬಾಟಲಿ. ಲೋಹ ಅಂದರೆ ಒಂದು ಮೊಳೆ ಇರಬಹುದು." ಅವರು ಮಹಡಿಯತ್ತ ನೋಡಿದರು. "ಎಲ್ಲರಿಗಿಂತ ಮುಂದೆ ನಡೆಯುವವನು ಲಿತೊ. ನಾಲ್ಕು ಎಂದು ಏಕೆ ಬರೆದಿರಿ?"

ಬರೆದದ್ದು ನಾನೇ. ಕಳೆದ ವಾರ ಗೊಟ್ಟಿಗೆರೆಯ ಪರೀಕ್ಷೆಯ ಹೊಲದಲ್ಲಿ ಎರಡು ಪಟ್ಟೆ ಗುರುತು ಮಾಡಿದ್ದರು. ಒಂದರಲ್ಲಿ ಲೋಹದ ಸುಳ್ಳು ಬಾಂಬುಗಳನ್ನು ಹೂತಿದ್ದರು. ಇನ್ನೊಂದು ಖಾಲಿ ಪಟ್ಟೆ. ಅಲ್ಲಿ ಯಂತ್ರ ಒಮ್ಮೆಯೂ ಸದ್ದು ಮಾಡಬಾರದು. ಆರರಲ್ಲಿ ಇಟ್ಟಾಗ ಐದು ಕಡೆ ಸದ್ದು ಬಂತು. ನಮ್ಮ ಎಂಜಿನಿಯರ್ ಬದರಿನಾಥ, "ಕೆಮ್ಮಣ್ಣಲ್ಲಿ ಕಬ್ಬಿಣ ಇರುತ್ತೆ ಕಣ್ರೀ, ನಾಲ್ಕಕ್ಕೆ ಇಳಿಸಿ" ಎಂದರು. ಇಳಿಸಿದಾಗ ಸದ್ದಿಲ್ಲ. ನಾನು ಟೈಪ್ ಮಾಡಿದೆ.

"ನಾಳೆ ಒಂಬತ್ತಕ್ಕೆ ಆ ಖಾಲಿ ಪಟ್ಟೆಯನ್ನು ಮತ್ತೊಮ್ಮೆ ನೋಡುತ್ತೇನೆ ಎಂದು ನಿಮ್ಮ ಎಂಜಿನಿಯರಿಗೆ ಹೇಳಿದ್ದೇನೆ. ಒಪ್ಪಿದ್ದಾರೆ. ಆದರೆ ಆರರಲ್ಲಿ ಮತ್ತೆ ಸದ್ದು ಬಂದರೆ ನಾಲ್ಕೇ ಗತಿ. ನನ್ನ ಮಾತಿಗಿಂತ ಪರೀಕ್ಷೆಯ ಕಾಗದ ದೊಡ್ಡದು."

ಒಳಗೆ ಬಂದು ನನ್ನ ಟಿಪ್ಪಣಿ ಪುಸ್ತಕ ತೆರೆದೆ. ಸದ್ದು ಬಂದ ಜಾಗಗಳನ್ನು ಅಂದು ಅಭ್ಯಾಸಬಲದಿಂದ ಗುರುತಿಸಿಕೊಂಡಿದ್ದೆ. ನಾಲ್ಕು ಮೂಲೆ, ಮತ್ತೆ 'ಸುಮಾರು ನಡುವೆ'. ಮಣ್ಣಿನ ಕಬ್ಬಿಣ ಹಾಗೆ ಲೆಕ್ಕ ಹಾಕಿ ಕೂರುವುದಿಲ್ಲ. ನಾಲ್ಕು ಮೂಲೆ, ಒಂದು ನಡು. ದಿಗ್ಬಂಧನ! ಕೆಡುಕು ಒಳಗೆ ಬರದಿರಲೆಂದು ನಮ್ಮ ಅತ್ತೆಯವರು ಈ ಮನೆಗೇ ಹಾಗೆ ಮಂತ್ರಿಸಿದ ಮೊಳೆ ಹೊಡೆಸಿದ್ದರು.

ಹೊಲ ಚಿನ್ನಪ್ಪನದು. ಕಾರ್ಖಾನೆ ಅದನ್ನು ಗುತ್ತಿಗೆಗೆ ಪಡೆದು ಅವನನ್ನೇ ಕಾವಲಿಗಿಟ್ಟಿತ್ತು. ಮೊದಲ ದಿನವೇ ಬದರಿನಾಥ ಎಲ್ಲರೆದುರು ಹೇಳಿದ್ದರು: "ಇದು ಮಿಲಿಟರಿ ಸಾಮಾನು. ಪಟ್ಟೆಗೆ ಯಾರಾದ್ರೂ ಕೈ ಹಾಕಿದ್ರೆ ಸೀದಾ ಪೊಲೀಸ್‌ಗೆ." ಅವರು ಹಾಗೆ ಮಾಡದೆ ಬಿಡುವವರಲ್ಲ.

ನಸುಕಿನ ಮೊದಲ ಬಸ್ಸಿಗೆ ಗೊಟ್ಟಿಗೆರೆಗೆ ಹೊರಟೆ. "ಟೆಸ್ಟ್ ಇದೆ, ಬೇಗ ಹೋಗ್ಬೇಕು" ಎಂದಷ್ಟೇ ಯಜಮಾನರಿಗೆ ಹೇಳಿದೆ.

ಚಿನ್ನಪ್ಪ ಹಲ್ಲುಜ್ಜುತ್ತ ನಿಂತಿದ್ದ. ಖಾಲಿ ಪಟ್ಟೆಯ ಮೊಳೆಗಳ ವಿಷಯ ನಾನು ಕೇಳಿದ ಕೂಡಲೇ ಅವನ ಮುಖ ಸಪ್ಪಗಾಯಿತು.

"ಬಾಂಬ್ ಊಳ್ತೀವಿ ಅಂದ್ರಲ್ಲಮ್ಮಾ. ಇವ್ಳು ದಿನಾ ಕೆರೆಗೆ ಆ ಪಟ್ಟೆ ಮೇಲೇ ಹೋಯ್ತಾಳೆ. ಅತ್ಲಾಗಿಂದು ಇತ್ಲಾಗೆ ಬರ್ದಿರ್ಲಿ ಅಂತ ಪೂಜಾರಿ ಕರ್ಸಿ ಕಟ್ ಹಾಕ್ಸಿದ್ವಿ."

"ಅವು ಸುಳ್ಳು ಬಾಂಬು ಚಿನ್ನಪ್ಪ. ಸಿಡಿಯಲ್ಲ."

ಒಳಗಿನಿಂದ ಅವನ ಹೆಂಡತಿ ಮುನಿಯಕ್ಕ ಬಂದಳು. "ಸುಳ್ಳು ಬಾಂಬಂತೆ! ಸುಳ್ಳು ಬಾಂಬ್ ಹುಡ್ಕಕ್ಕೆ ಸಮುದ್ರ ದಾಟ್ಕಂಡು ಬತ್ತಾರಾ ಯಾರಾದ್ರೂ? ನಮಗೇನ್ ಗೊತ್ತಾಗಕಿಲ್ವಾ?"

"ಆ ಮೊಳೆ ಈಗ್ಲೇ ಕೀಳ್ಬೇಕು ಮುನಿಯಕ್ಕ. ಒಂಬತ್ತಕ್ಕೆ ವ್ಯಾನ್ ಬರುತ್ತೆ."

"ಕಿತ್ರೆ ಕಟ್ ಬಿಚ್ಕತದೆ. ನಾ ಕೆರೆಗ್ ಹೋಗೋದ್ ಬ್ಯಾಡ್ವಾ?"

ಪೊಲೀಸಿನ ಮಾತೆತ್ತಿದರೆ ಕೆಲಸ ಬೇಗ ಆಗುತ್ತಿತ್ತು. ಅದನ್ನು ಹೇಳಲು ಮನಸ್ಸು ಬರಲಿಲ್ಲ.

"ಲಿತೊ ಅಂತ ಒಬ್ಬ ಬಂದಿದ್ನಲ್ಲ, ನಿಮ್ಮ ಮನೆ ಮುದ್ದೆ ತಿಂದು ನಕ್ಕೋನು? ಅವನ ಊರಲ್ಲಿ ನಿಜವಾದ ಬಾಂಬ್ ಇದೆ. ನೀವು ಕೆರೆಗೆ ಹೋದ ಹಾಗೆ ಅವನೂ ದಿನಾ ಅದರ ಮೇಲೆ ನಡೀಬೇಕು. ಈ ಮೊಳೆ ಇಲ್ಲಿದ್ರೆ ಅವನ ಯಂತ್ರ ಕಿವುಡಾಗುತ್ತೆ."

"ಮುದ್ದೆ ಅಗ್ದು ಅಗ್ದು ತಿಂದ, ಮುಂಡೇದು," ಎಂದು ಗೊಣಗಿ ಮುನಿಯಕ್ಕ ಹಾರೆ ತಂದು ಗಂಡನ ಕೈಗಿಟ್ಟಳು.

ಮೂಲೆಗಳ ಅಳತೆ ನನ್ನ ಪುಸ್ತಕದಲ್ಲಿತ್ತು. ನಾಲ್ಕು ಮೊಳೆಗಳೂ ಸಿಕ್ಕವು, ಗೇಣುದ್ದದ ತುಕ್ಕು ಹಿಡಿದ ಮೊಳೆಗಳು. ಐದನೆಯದು ಸಿಗಲಿಲ್ಲ. ನಡುವೆ ಕಲ್ಲು ಅಡ್ಡ ಬಂದು ಪೂಜಾರಿ ಸ್ವಲ್ಪ ಸರಿಸಿ ಹೊಡೆದಿದ್ದನಂತೆ, ಯಾವ ಕಡೆಗೋ ಚಿನ್ನಪ್ಪನಿಗೆ ನೆನಪಿಲ್ಲ. 'ಸುಮಾರು' ಎಂದು ಬರೆದ ನನ್ನ ಮೇಲೆ ನನಗೇ ಸಿಟ್ಟು ಬಂತು. ಅಗೆದಷ್ಟೂ ನೆಲದ ಮೇಲೆ ಹೊಸ ಮಣ್ಣು ಕಾಣುತ್ತಿತ್ತು. ಮುನಿಯಕ್ಕ ಒಣಮಣ್ಣು ಉದುರಿಸಿ ಅಂಗೈಯಿಂದ ಸವರುತ್ತ ಬಂದಳು. ಎಂಟೂಮುಕ್ಕಾಲಿಗೇ ಬನ್ನೇರುಘಟ್ಟ ರಸ್ತೆಯ ತಿರುವಿನಲ್ಲಿ ವ್ಯಾನು ಕಾಣಿಸಿತು.

"ಬಿಟ್ಬಿಡಿ. ಹಾರೆ ಒಳಗಿಡಿ," ಎಂದೆ. ನನ್ನ ಸೀರೆಯ ಅಂಚಿನ ಮಣ್ಣು ಕೊಡವಿದೆ.

ಬದರಿನಾಥ ಇಳಿಯುತ್ತಲೇ ಕಣ್ಣರಳಿಸಿದರು. "ಏನ್ರೀ ವಾರಿಜಾ, ನಮಗಿಂತ ಮುಂಚೆ?"

"ಪಟ್ಟೆ ಅಳತೆ ಒಂದ್ಸಲ ನೋಡೋಣ ಅಂತ ಸಾರ್. ಕೈಪಿಡಿಗೆ ಬೇಕಿತ್ತು."

"ನಿಮ್ಮಂಥೋರು ನಾಲ್ಕು ಜನ ಇದ್ದಿದ್ರೆ ಕಂಪನಿ ಎಲ್ಲೋ ಇರ್ತಿತ್ತು," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಐದನೆಯದು ಸಿಕ್ಕಿಬಿದ್ದರೆ, ಅಳತೆ ನೋಡಲು ಬಂದವಳ ಮೇಲೂ ಅನುಮಾನ ಬರುತ್ತದೆ.

ಸಾರ್ಜೆಂಟ್ ಗುಂಡಿಯನ್ನು ಆರಕ್ಕೆ ತಿರುಗಿಸಿ ನಡೆಯತೊಡಗಿದರು. ಹೆಡ್ಫೋನನ್ನು ಕಿವಿಗೆ ಹಾಕಿಕೊಳ್ಳದೆ ಎಲ್ಲರಿಗೂ ಕೇಳಲೆಂದು ಕೊರಳಿಗೆ ಇಳಿಬಿಟ್ಟಿದ್ದರು. ಮೊದಲ ಮೂಲೆ. ಸದ್ದಿಲ್ಲ. ಎರಡನೆಯದು. ಇಲ್ಲ. ಬದರಿನಾಥ ಹುಬ್ಬೇರಿಸಿದರು. ಅರ್ಧ ದಾರಿ ಕಳೆಯಿತು. ಚಿನ್ನಪ್ಪ ಹೆಗಲ ಮೇಲಿನ ಟವಲ್ ಹಿಂಡುತ್ತಿದ್ದ, ನೀರಿಲ್ಲದ ಟವಲ್.

ಕುಂಯ್.

ಸಾರ್ಜೆಂಟ್ ನಿಂತರು. ಯಂತ್ರವನ್ನು ಎಡಕ್ಕೆ, ಬಲಕ್ಕೆ ಆಡಿಸಿದರು. ಅದೇ ಜಾಗ.

"ನಾನ್ ಹೇಳ್ಲಿಲ್ವಾ? ಕೆಮ್ಮಣ್ಣು!" ಎಂದರು ಬದರಿನಾಥ.

ಸಾರ್ಜೆಂಟ್ ನಮಗೆ ಬೆನ್ನು ಮಾಡಿ ಮಂಡಿಯೂರಿದರು. ಬೆರಳುಗಳು ಮಣ್ಣೊಳಗೆ ಇಳಿದದ್ದು ನಾನು ನಿಂತ ಕಡೆಯಿಂದ ಕಾಣಿಸಿತು. ಭುಜ ಒಮ್ಮೆ ಜಗ್ಗಿತು, ಮುಷ್ಟಿಯ ಬುಡದಲ್ಲಿ ತುಕ್ಕು ಹಿಡಿದ ತುದಿಯೊಂದು ಕಂಡಿತು. ಅವರು ತಲೆ ಹೊರಳಿಸಿ ಚಿನ್ನಪ್ಪನನ್ನು ನೋಡಿದರು. ಆಮೇಲೆ ಅವನ ಉಗುರುಗಳಲ್ಲಿದ್ದ ಹಸಿ ಮಣ್ಣನ್ನು. ಆಮೇಲೆ ನನ್ನನ್ನು.

ಅವರು ಅಲ್ಲೇ ಕೂತು ಬಲಗಾಲಿನ ಬೂಟು ಬಿಚ್ಚತೊಡಗಿದರು. ಮುಷ್ಟಿಯಲ್ಲಿದ್ದುದನ್ನು ಬಿಚ್ಚಿದ ಬೂಟಿನೊಳಗೆ ಜಾರಿಸಿ, ಬೂಟನ್ನು ತಿರುಗಿಸಿ ನೋಡಿ, "ನನ್ನ ಬೂಟು! ಹಿಮ್ಮಡಿಯಲ್ಲಿ ಮೊಳೆ ಎದ್ದಿದೆ," ಎಂದು ಕೂಗಿದರು.

ಲಿತೊ ಬಿದ್ದು ಬಿದ್ದು ನಕ್ಕ. ಲೋಹವಿರುವ ಬೂಟು ಹಾಕಬೇಡ ಎಂದು ಎರಡು ವಾರ ಅವನಿಗೆ ಬೈದವರು ಇವರೇ. "ಸಾರ್ಜೆಂಟ್, ನೀವು ಸತ್ತಿರಿ! ಮೊದಲ ದಿನದ ಪಾಠದಲ್ಲೇ ಸತ್ತಿರಿ!" ಬದರಿನಾಥರೂ ನಕ್ಕರು. ಸಾರ್ಜೆಂಟ್ ಕೆಂಪಾದ ಮುಖದಲ್ಲಿ ಎರಡೂ ಬೂಟುಗಳನ್ನು ದೂರ ಇಟ್ಟು ಬಂದು, ಬರಿಗಾಲಲ್ಲಿ ಪಟ್ಟೆಯ ತುದಿಯಿಂದ ಮತ್ತೆ ನಡೆದರು. ಎಲ್ಲೂ ಸದ್ದಿಲ್ಲ. ಲಿತೊನ ಕೈಗೆ ಯಂತ್ರ ಕೊಟ್ಟು ಅವನನ್ನೂ ನಡೆಸಿದರು. ಸದ್ದಿಲ್ಲ.

"ಹಾಗಾದ್ರೆ ಅವತ್ತು ನೆಲ ಒದ್ದೆ ಇತ್ತು ಅನ್ಸುತ್ತೆ," ಬದರಿನಾಥ ಗಲ್ಲ ಕೆರೆದುಕೊಂಡರು. "ವಾರಿಜಾ, ಹಾಗೇ ಬರೀರಿ. ಮೊದಲ ಪರೀಕ್ಷೆ ದಿನ ತೇವ ಇತ್ತು, ಮರುಪರೀಕ್ಷೆ ಮೇಲೆ ಆರು. ಕೈಪಿಡಿಯ ನಲವತ್ತು ಕಾಪೀಲೂ ಪುಟ ಬದಲಾಯ್ಸಿ, ಇಲ್ಲಿ ನಮ್ಮದರಲ್ಲೂ."

"ಎಲ್ಲಾ ಕಾಪೀಲೂ ಸಾರ್?"

"ಒಂದೂ ಬಿಡ್ಬೇಡಿ."

ಸಾರ್ಜೆಂಟ್ ಒಪ್ಪಿಗೆಯ ಕಾಗದವನ್ನು ವ್ಯಾನಿನ ಮೂತಿಯ ಮೇಲೆ ಇಟ್ಟು ಸಹಿ ಹಾಕಿದರು. ನನ್ನ ಪಕ್ಕ ಹಾದುಹೋಗುವಾಗ ಮೆಲ್ಲನೆ, "ಬೇರೆ ಇದೆಯೇ ಮಾಮ್?" ಎಂದು ಕೇಳಿದರು.

"ಇಲ್ಲ. ಅದೇ ಕೊನೆಯದು."

ಅವರು ತಲೆಯಾಡಿಸಿ ವ್ಯಾನ್ ಹತ್ತಿದರು.

ಆ ಮಧ್ಯಾಹ್ನ ಪುಟವನ್ನು ಟೈಪ್ ಮಾಡಿದೆ. ಆರು ಎಂಬುದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಹಾಕಿದೆ. 'ಮೊದಲ ಪರೀಕ್ಷೆಯ ದಿನ ನೆಲ ತೇವವಾಗಿತ್ತು' ಎಂಬ ವಾಕ್ಯ ಪರೀಕ್ಷಾ ವರದಿಗೆ ಹೋಗಬೇಕಿತ್ತು. ಅಂದು ನೆಲದಿಂದ ಧೂಳೇಳುತ್ತಿತ್ತು, ನನಗೆ ನೆನಪಿದೆ. ಈ ಕೆಲಸದ ಒಂಬತ್ತು ವರ್ಷದಲ್ಲಿ ಸುಳ್ಳೆಂದು ಗೊತ್ತಿದ್ದ ಒಂದು ಸಾಲನ್ನೂ ನಾನು ಬರೆದಿರಲಿಲ್ಲ. ಇದನ್ನು ಬರೆದೆ. ಕಾರಣ ಸುಳ್ಳು, ಅಂಕಿ ನಿಜ. ಲಿತೊ ನಡೆಯುವುದು ಅಂಕಿಯನ್ನು ನಂಬಿ.

ರಾತ್ರಿ ಊಟಕ್ಕೆ ಕೂತಾಗ ಯಜಮಾನರು ಕೇಳಿದರು, "ಏನಾಯ್ತು ಟೆಸ್ಟು? ಬೆಳಿಗ್ಗೆ ನಿನ್ನ ಮುಖ ನೋಡಿ ನಂಗೇ ಭಯ ಆಯ್ತು."

ಹೇಳಿಬಿಡಬಹುದಿತ್ತು. ಅವರು ಬದರಿನಾಥರೊಂದಿಗೆ ಭಾನುವಾರ ಇಸ್ಪೀಟು ಆಡುವವರು, ನಗುವಿನ ನಡುವೆ ಒಂದು ಮಾತು ಜಾರಿದರೆ ಸಾಕು. ಗೊಟ್ಟಿಗೆರೆಯ ಆ ಮನೆಯ ಮುಂದೆ ಪೊಲೀಸ್ ಜೀಪು ನಿಂತಂತೆ ಕಣ್ಣಿಗೆ ಕಟ್ಟಿತು. ಇವರಿಗೂ ಬೇಡ, ಯಾರಿಗೂ ಬೇಡ, ಯಾವತ್ತೂ ಬೇಡ ಎಂದು ಆ ಕ್ಷಣವೇ ತೀರ್ಮಾನಿಸಿದೆ.

"ಪಾಸಾಯ್ತು," ಎಂದೆ. "ಇನ್ನೊಂದ್ ಸ್ವಲ್ಪ ಸಾರು ಹಾಕ್ಲಾ?"