ಬಾಗಿಲು ಮುಚ್ಚುವ ದೃಶ್ಯ

ಬಾಗಿಲ ಅಂಚಿನ ಮೇಲೆ ಒಂದು ಕೈ. ಬೆರಳುಗಳು ಅಗಲವಾಗಿ ಹರಡಿವೆ, ಉಗುರುಗಳ ಸುತ್ತ ಔಷಧದ ಹಳದಿ ಕಲೆ. ಬಾಗಿಲು ಮುಚ್ಚಿಕೊಳ್ಳುತ್ತ ಹೋಗುತ್ತದೆ. ಹೊರಗಿನ ಬಿಸಿಲು ಮೊದಲು ಪಟ್ಟಿಯಾಗಿ, ಆಮೇಲೆ ಗೆರೆಯಾಗಿ, ಕೊನೆಗೆ ಇಲ್ಲವಾಗುತ್ತದೆ. ಸಿನಿಮಾ ಕಲಿಯಲು ಸೇರಿದ ದಿನದಿಂದಲೂ ಈ ಚಿತ್ರ ನನ್ನ ತಲೆಯಲ್ಲಿತ್ತು. ಅದು ಕಲ್ಪನೆಯಲ್ಲ. ಚಿಕ್ಕವಳಿದ್ದಾಗ ನಮ್ಮ ಮನೆಯ ನಡುಮನೆಯಲ್ಲಿ ನಿಂತು ನಾನೇ ಕಂಡದ್ದು. ಆ ಕೈ ಅಪ್ಪನದು. ಬಾಗಿಲಿನಾಚೆ ಇದ್ದವಳು ನನ್ನ ಅಕ್ಕ ವತ್ಸಲಾ.

ಅಮ್ಮನ ಮುಖ ನನಗೆ ನೆನಪಿಲ್ಲ. ನನ್ನನ್ನು ಮೀಯಿಸಿ, ಉಣ್ಣಿಸಿ, ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದವಳು ಅಕ್ಕ. ಅಪ್ಪ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಹೆಚ್ಚು ಮಾತಿನವರಲ್ಲ. ಅಕ್ಕ ರೇಡಿಯೋ ರಿಪೇರಿ ಮಾಡುವ ಬೇರೆ ಜಾತಿಯ ಹುಡುಗನನ್ನು ಮದುವೆಯಾಗುತ್ತೇನೆ ಎಂದಾಗ ಇದ್ದ ಮಾತೂ ನಿಂತುಹೋಯಿತು. ಒಂದು ಮಧ್ಯಾಹ್ನ ಅವಳು ಚೀಲ ಹಿಡಿದು ಹೊರಟಳು, ಬಾಗಿಲು ಮುಚ್ಚಿತು. ಆಮೇಲೆ ನಮ್ಮ ಮನೆಯಲ್ಲಿ ಅವಳ ಹೆಸರು ಕೇಳಿಬರಲಿಲ್ಲ. ಅವಳೇನೂ ದೂರ ಹೋಗಿರಲಿಲ್ಲ, ಅದೇ ಊರಿನ ಕಾಲುವೆಯಾಚೆಯ ಬೀದಿಯಲ್ಲಿದ್ದಳು. ದೊಡ್ಡವಳಾದಂತೆ ನಾನು ಅಲ್ಲಿಗೆ ಹೋಗಿಬರತೊಡಗಿದೆ. ಎಲ್ಲಿಗೆ ಹೋಗಿದ್ದೆ ಎಂದು ಅಪ್ಪ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಕೋರ್ಸಿನ ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಕಿರುಚಿತ್ರ ಮಾಡಬೇಕಿತ್ತು. ನಾನು ಬರೆದದ್ದು ಒಬ್ಬ ತಂದೆ ಮತ್ತು ಮನೆಬಿಟ್ಟು ಹೋಗುವ ಮಗಳ ಕತೆ. ಕೊನೆಯಲ್ಲಿ ತಂದೆ, "ಈ ಹೊಸಿಲು ದಾಟಿದ ಮೇಲೆ ನಿನಗೂ ಈ ಮನೆಗೂ ಸಂಬಂಧ ಇಲ್ಲ" ಎಂದು ಬಾಗಿಲು ಮುಚ್ಚುತ್ತಾನೆ. ಚಿತ್ರಕತೆ ಓದಿದ ಪಾರ್ಶ್ವನಾಥ ಮೇಷ್ಟ್ರು ಉಳಿದದ್ದನ್ನೆಲ್ಲ ಗೀಚಿ ತಿದ್ದಿದರು. ಕೊನೆಯ ಪುಟವನ್ನು ಮಾತ್ರ ಮುಟ್ಟಲಿಲ್ಲ. ಅದು ಗಟ್ಟಿಯಾಗಿದೆ, ಕೆಡಿಸಬೇಡ ಎಂದರು. ಅವರು ಅಷ್ಟು ಹೊಗಳಿದ್ದನ್ನು ನಮ್ಮ ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಆವತ್ತು ನಾನು ಗಾಳಿಯಲ್ಲಿ ತೇಲಿಕೊಂಡು ಮನೆಗೆ ಬಂದೆ.

ಅಲ್ಲಿಂದ ಮುಂದೆ ಎಲ್ಲವೂ ಕೈಕೊಡುತ್ತಲೇ ಹೋಯಿತು. ಮೊದಲು ಬಾಗಿಲೇ ಸಿಗಲಿಲ್ಲ. ಕ್ಯಾಮೆರಾ ಹಿಡಿಯಲು ಒಪ್ಪಿದ್ದ ಗೆಳೆಯ ಜಯಂತ ಮತ್ತು ನಾನು ಊರೆಲ್ಲ ಸುತ್ತಿದೆವು. ಒಂದು ಮನೆಯ ಬಾಗಿಲು ತೀರಾ ಹೊಸದು, ಇನ್ನೊಂದಕ್ಕೆ ಎದುರಿನ ಗೋಡೆ ಅಡ್ಡ, ಮತ್ತೊಂದು ಮನೆಯವರು ಮೊದಲು ಒಪ್ಪಿ, ಕ್ಯಾಮೆರಾ ತಂದ ದಿನ ಬೀಗ ಹಾಕಿಕೊಂಡು ನೆಂಟರ ಮನೆಗೆ ಹೋಗಿದ್ದರು. ಕೊನೆಗೆ ಜಯಂತ, "ನೀನು ಹುಡುಕ್ತಿರೋದು ನಿಮ್ಮನೆ ಬಾಗಿಲು ಅಲ್ವಾ?" ಎಂದ. ಆ ಸಂಜೆ ಅಪ್ಪನನ್ನು ಕೇಳಿದೆ. ಕತೆ ಏನು ಎಂದು ಅವರು ವಿಚಾರಿಸಲಿಲ್ಲ. ಗೋಡೆಗೆ ಮೊಳೆ ಹೊಡೆಯಬೇಡಿ ಎಂದಷ್ಟೇ ಹೇಳಿದರು.

ತಂದೆಯ ಪಾತ್ರಕ್ಕೆ ಹವ್ಯಾಸಿ ನಾಟಕ ತಂಡದ ವೆಂಕೋಬರಾಯರನ್ನು ಗೊತ್ತುಮಾಡಿದ್ದೆ. ಚಿತ್ರೀಕರಣದ ಹಿಂದಿನ ದಿನ ಅವರು ತಂಡದ ಜೊತೆ ಬೇರೆ ಊರಿಗೆ ಹೊರಟುಹೋದರು. ನನಗೆ ಅಳು ಬರುವಷ್ಟು ಕೋಪ. ಮಗಳ ಪಾತ್ರ ಮಾಡುತ್ತಿದ್ದ ಸಹಪಾಠಿ ಇಂಚರ ಪರೀಕ್ಷೆಗೆ ಓದಬೇಕು ಎಂದು ಗೊಣಗುತ್ತಿದ್ದಳು, ಕ್ಯಾಮೆರಾವನ್ನು ವಾರ ಮುಗಿಯುವುದರೊಳಗೆ ಇನ್ನೊಂದು ಗುಂಪಿಗೆ ಕೊಡಬೇಕಿತ್ತು. ನಾವು ಜಗಲಿಯ ಮೇಲೆ ತಲೆಗೆ ಕೈಹೊತ್ತು ಕೂತಿದ್ದಾಗ ಅಪ್ಪ ಎಲ್ಲರಿಗೂ ಕಾಫಿ ತಂದಿಟ್ಟು ಒಳಗೆ ಹೋದರು. ಜಯಂತ ಅವರು ಹೋದ ದಿಕ್ಕನ್ನೇ ನೋಡುತ್ತಿದ್ದ. ಅವನು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗಿತ್ತು.

ಬೇಡ ಅನ್ನಬೇಕಿತ್ತು. ಆದರೆ ಒಳಗೊಳಗೇ ನನಗದು ಬೇಕಾಗಿತ್ತು. ಆ ಮಧ್ಯಾಹ್ನ ಮಾಡಿದ್ದನ್ನು ಅವರು ಕ್ಯಾಮೆರಾದ ಎದುರು ಇನ್ನೊಮ್ಮೆ ಮಾಡಲಿ, ಮಾಡುವಾಗ ಅದು ಏನೆಂದು ಅವರಿಗೆ ತಿಳಿಯಲಿ ಎಂಬ ಆಸೆ. ತಂದೆಯ ಪಾತ್ರ ಮಾಡುತ್ತೀರಾ ಎಂದು ನಾನೇ ಕೇಳಿದಾಗ ಅಪ್ಪ, "ಮಾತು ಜಾಸ್ತಿ ಇದ್ರೆ ಆಗಲ್ಲ" ಎಂದರು. ಒಂದೇ ಮಾತು ಎಂದೆ.

ಅವರು ಕ್ಯಾಮೆರಾಕ್ಕೆ ಹೆದರಲಿಲ್ಲ. ಪೇಪರ್ ಓದುವುದು, ಕೈ ತೊಳೆಯುವುದು, ತಟ್ಟೆಯ ಮುಂದೆ ಒಬ್ಬರೇ ಕೂರುವುದು, ಎಲ್ಲವೂ ಸಲೀಸಾಗಿ ಮುಗಿದವು. ವೆಂಕೋಬರಾಯರು ಹೋದದ್ದೇ ಒಳ್ಳೆಯದಾಯಿತು ಎಂದು ಜಯಂತ ನನ್ನ ಕಿವಿಯಲ್ಲಿ ಹೇಳಿದ. ಮರುದಿನ ಮಧ್ಯಾಹ್ನ, ಬಿಸಿಲು ಹೊಸಿಲಿಗೆ ಬರುವ ಹೊತ್ತಿಗೆ, ಬಾಗಿಲಿನ ದೃಶ್ಯಕ್ಕೆ ಕೂತೆವು. ಕ್ಯಾಮೆರಾವನ್ನು ನಡುಮನೆಯಲ್ಲಿ, ಅಂದು ನಾನು ನಿಂತಿದ್ದ ಜಾಗದಲ್ಲೇ ಇಡಿಸಿದೆ. ಅಷ್ಟೇ ತಗ್ಗಿನಲ್ಲಿ.

ಇಂಚರ ಚೀಲ ಹಿಡಿದು ಹೊಸಿಲು ದಾಟಿದಳು. ಅಪ್ಪ ಬಾಗಿಲ ಮೇಲೆ ಕೈ ಇಟ್ಟರು, ನಿಂತರು, ನಿಂತೇ ಇದ್ದರು. ಮಾತು ಮರೆತಿರಬೇಕೆಂದು ಹೇಳಿಕೊಟ್ಟೆ. ಎರಡನೆಯ ಸಲ "ಈ ಹೊಸಿಲು ದಾಟಿದ ಮೇಲೆ" ಎನ್ನುವಷ್ಟರಲ್ಲಿ ದನಿ ಇಳಿದುಹೋಯಿತು. ಮತ್ತೊಂದು ಸಲ ಬಾಗಿಲನ್ನು ಅರ್ಧ ತಳ್ಳಿ ಬಿಟ್ಟರು. ತಿರುಗಣಿ ಬಿಗಿಯಾಗಿದೆ ಎಂದರು. ಜಯಂತ ಎಣ್ಣೆ ಬಿಟ್ಟ. ಎಣ್ಣೆ ಬಿಟ್ಟ ಮೇಲೂ ಬಾಗಿಲು ಮುಚ್ಚಲಿಲ್ಲ. ನಮಗೆ ಕೊಟ್ಟಿದ್ದ ರೀಲು ಸುರುಳಿ ಸುರುಳಿಯಾಗಿ ಖಾಲಿಯಾಗುತ್ತಿತ್ತು, ಹೊಸಿಲಿನ ಬಿಸಿಲು ಪಕ್ಕಕ್ಕೆ ಸರಿಯುತ್ತಿತ್ತು. ಬಾಗಿಲ ಮೇಲಿನ ಆ ಕೈಯನ್ನು ಕ್ಯಾಮೆರಾದ ಕಿಂಡಿಯಲ್ಲಿ ನೋಡಿದರೆ ನನ್ನ ನೆನಪಿನಲ್ಲಿದ್ದಂತೆಯೇ ಇತ್ತು. ಇನ್ನು ಒಂದು ತಳ್ಳು, ಅಷ್ಟೆ. ಆ ಒಂದು ತಳ್ಳು ಮಾತ್ರ ಬರುತ್ತಿರಲಿಲ್ಲ.

ಆಮೇಲಿನ ಟೇಕಿನಲ್ಲಿ ಅವರು ಮಾತಾಡಿದರು. ನಾನು ಬರೆದ ಮಾತಲ್ಲ. ಹೊರಗೆ ಹೋಗುತ್ತಿದ್ದ ಇಂಚರಳ ಕಡೆಗೆ, "ಚಪ್ಪಲಿ ಹಾಕ್ಕೊಂಡು ಹೋಗಮ್ಮ, ನೆಲ ಕಾದಿದೆ" ಎಂದರು.

ಇಂಚರ ಗೊಂದಲದಿಂದ ತಿರುಗಿ ನೋಡಿ ತನ್ನ ಕಾಲು ನೋಡಿಕೊಂಡಳು. ಅವಳು ಚಪ್ಪಲಿ ಹಾಕಿಕೊಂಡೇ ಇದ್ದಳು. ಜಯಂತ ನಗು ತಡೆಯಲಾಗದೆ ಮುಖ ತಿರುಗಿಸಿದ. ನನ್ನ ತಾಳ್ಮೆ ಅಲ್ಲಿಗೆ ಕಡಿದುಹೋಯಿತು. ಇದು ನಾಟಕವಲ್ಲ, ಬಾಯಿಗೆ ಬಂದದ್ದು ಹೇಳುವುದಕ್ಕೆ. ಎಷ್ಟು ಜನರ ಶ್ರಮ ಹಾಳಾಗುತ್ತಿದೆ ಗೊತ್ತೇ ಎಂದು ರೇಗಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

"ಅವತ್ತು ಮುಚ್ಚಿದ್ರಲ್ಲ ಅಪ್ಪ, ಹಾಗೇ ಮುಚ್ಚಿ. ಅಷ್ಟೇ ನಾನು ಕೇಳ್ತಿರೋದು."

ಅಪ್ಪ ಬಾಗಿಲಿನಿಂದ ಕೈ ತೆಗೆಯದೆ ನನ್ನ ಕಡೆ ತಿರುಗಿದರು.

"ನಾನು ಮುಚ್ಚಿದ್ನಾ?"

"ನಾನು ಇಲ್ಲೇ ನಿಂತಿದ್ದೆ. ನೋಡಿದೀನಿ."

"ಕೈ ಇಟ್ಟಿದ್ದೆ" ಎಂದರು ಅಪ್ಪ. "ಮುಚ್ಚಲಿಲ್ಲ." ಅಷ್ಟು ಹೇಳಿ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು, ಪೇಟೆಗೆ ಹೋಗಿಬರುತ್ತೇನೆ ಎಂದು ನಮ್ಮೆಲ್ಲರ ನಡುವಿನಿಂದ ಆ ಬಾಗಿಲಲ್ಲೇ ಹೊರಗೆ ಹೋದರು. ಅವರು ಬರುವಷ್ಟರಲ್ಲಿ ಬಿಸಿಲು ಹೋಗಿತ್ತು. ಮರುದಿನ ಕ್ಯಾಮೆರಾವೂ ಹೋಯಿತು.

ಸುಳ್ಳು ಹೇಳುತ್ತಿದ್ದಾರೆ ಎಂದೇ ನಾನು ನಂಬಿದ್ದೆ. ವಯಸ್ಸಾದ ಮೇಲೆ ಎಲ್ಲರೂ ತಮ್ಮನ್ನು ತಾವು ತೊಳೆದುಕೊಳ್ಳಲು ನೋಡುತ್ತಾರೆ ಅಂದುಕೊಂಡು, ದೂರು ಹೇಳುವುದಕ್ಕೆಂದೇ ಅಕ್ಕನ ಮನೆಗೆ ಹೋದೆ. ಅವಳು ಮೆಟ್ಟಿಲ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಸಿನಿಮಾ ಕೆಟ್ಟುಹೋಯಿತು, ಅಪ್ಪ ಕೆಡಿಸಿದರು, ಈಗ ನೋಡಿದರೆ ಬಾಗಿಲು ಮುಚ್ಚಲೇ ಇಲ್ಲ ಅನ್ನುತ್ತಿದ್ದಾರೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಕ್ಕ ಸೊಪ್ಪಿನಿಂದ ತಲೆ ಎತ್ತಲಿಲ್ಲ.

"ಅವರು ಮುಚ್ಚಲಿಲ್ಲ ಕಣೇ. ಚಪ್ಪಲಿ ಹಾಕ್ಕೊಂಡು ಹೋಗು ಅಂದ್ರು, ನೆಲ ಕಾದಿದೆ ಅಂತ. ನಾನು ಕೋಪದಲ್ಲಿ ಬರಿಗಾಲಲ್ಲೇ ಹೊರಟಿದ್ದೆ."

ಅಪ್ಪ ಆ ಮಾತು ಹೇಳಿದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ.

ಹಾಗಾದರೆ ಬಾಗಿಲು ಮುಚ್ಚಿದ್ದು ಯಾರು ಎಂದು ಕೇಳಿದೆ.

"ನಾನೇ ಎಳ್ಕೊಂಡೆ. ನೀನು ನಡುಮನೆಯಿಂದ ನನ್ನ ಹಿಂದೆ ಓಡಿಬರೋಕೆ ನೋಡ್ತಿದ್ದೆ. ಬಾಗಿಲು ತೆರೆದಿದ್ರೆ ಬೀದಿವರೆಗೂ ಬಂದುಬಿಡ್ತಿದ್ದೆ. ನೀನು ಬಂದಿದ್ರೆ ನನಗೆ ಹೋಗೋಕೆ ಆಗ್ತಿತ್ತಾ?" ಅವಳು ಸೊಪ್ಪಿನ ದಂಟನ್ನು ಪಕ್ಕಕ್ಕೆ ಎಸೆದಳು. "ಅವರು ಒಳಗಿಂದ ಅಂಚು ಹಿಡ್ಕೊಂಡಿದ್ರು. ನಾನು ಜೋರಾಗಿ ಎಳೆದೆ, ಬಿಟ್ಟುಬಿಟ್ರು."

ನಾನು ಆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹಿಂದಿನಿಂದ ನೋಡಿದರೆ ಬಾಗಿಲನ್ನು ತಳ್ಳುವ ಕೈಗೂ ಹಿಡಿದು ನಿಲ್ಲಿಸುವ ಕೈಗೂ ವ್ಯತ್ಯಾಸ ಕಾಣುವುದಿಲ್ಲ. ಅಷ್ಟು ವರ್ಷ ನಾನು ಕಂಡದ್ದೂ ನಿಜ, ತಿಳಿದದ್ದು ತಪ್ಪು. ಕ್ಯಾಮೆರಾವನ್ನು ಹಟಹಿಡಿದು ಅದೇ ಜಾಗದಲ್ಲಿ ಇಡಿಸಿದ್ದೆನಲ್ಲ, ಅದಕ್ಕೂ ನನಗೆ ಕಂಡಷ್ಟೇ ಕಂಡಿತ್ತು. ಅಕ್ಕನಿಗೆ ನನ್ನ ಮುಖದಲ್ಲಿ ಏನು ಕಂಡಿತೋ, ಸ್ವಲ್ಪ ಗಡುಸಾಗಿಯೇ ಹೇಳಿದಳು: "ಹಾಗಂತ ಅವರನ್ನ ದೇವರು ಮಾಡಿ ತೋರಿಸ್ಬೇಡ. ಬಾಗಿಲು ಮುಚ್ಚಲಿಲ್ಲ, ನಿಜ. ಆಮೇಲೆ ಕಾಲುವೆ ದಾಟಿ ಒಂದು ಸಲನಾದ್ರೂ ಬಂದ್ರಾ? ನನ್ನ ಮಗು ತೀರ್ಕೊಂಡಾಗಲೂ ಬರ್ಲಿಲ್ಲ. ನಿನ್ನ ಸಿನಿಮಾದಲ್ಲಿ ಅದಕ್ಕೆಲ್ಲಿ ಜಾಗ ಇದೆ?"

ಜಾಗ ಇರಲಿಲ್ಲ. ನಾನು ಬರೆದದ್ದು ಒಂದು ಏಟಿಗೆ ಮುಗಿಯುವ ಕತೆ. ಇದು ಬಾಗಿಲು ತೆರೆದೇ ಇದ್ದು ಯಾರೂ ದಾಟದೆ ಉಳಿದ ಕತೆ. ಅದನ್ನು ಹೇಗೆ ತೋರಿಸುವುದೆಂದು ನನಗೆ ಯಾರೂ ಕಲಿಸಿರಲಿಲ್ಲ, ಕಲಿಯಲು ರೀಲೂ ಉಳಿದಿರಲಿಲ್ಲ.

ಎಡಿಟಿಂಗ್ ಕೋಣೆಯಲ್ಲಿ ಕಳೆದ ಆ ದಿನಗಳನ್ನು ನೆನೆದರೆ ಈಗಲೂ ಹಲ್ಲು ಕಚ್ಚುವಂತಾಗುತ್ತದೆ. ಅಪ್ಪ ನಿಲ್ಲುತ್ತಿದ್ದರು, ನಾನು ರೀಲನ್ನು ಹಿಂದಕ್ಕೆ ತಿರುಗಿಸುತ್ತಿದ್ದೆ, ಅವರು ಮತ್ತೆ ಬಂದು ನಿಲ್ಲುತ್ತಿದ್ದರು. ಒಂದೇ ಮನೆಯಲ್ಲಿ ಬದುಕಿಯೂ ಅವರ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಆ ಚಿಕ್ಕ ಪರದೆಯ ಮೇಲೆಯೇ. ಯಾವ ತುಂಡನ್ನು ಯಾವುದಕ್ಕೆ ಅಂಟಿಸಿದರೂ ಚಿತ್ರ ಕುಂಟುತ್ತಿತ್ತು. ನನ್ನ ಪಾಡು ನೋಡಲಾರದೆ ಜಯಂತ ಒಂದು ದಿನ ತಾನೇ ಕೂತ. ಬಾಗಿಲ ಮೇಲಿನ ಕೈ, ಹೊರಗೆ ನಡೆಯುವ ಇಂಚರಳ ಬೆನ್ನು, ಆಮೇಲೆ ಬರಿ ಕತ್ತಲೆ. ಕತ್ತಲೆಯ ಮೇಲೆ ಬಾಗಿಲು ಧಡ್ ಎಂದು ಮುಚ್ಚುವ ಸದ್ದು. "ನೋಡು, ಮುಚ್ಚಿಬಿಟ್ರು" ಎಂದ.

ನಿಜವಾಗಿಯೂ ಮುಚ್ಚಿಬಿಟ್ಟಿದ್ದರು. ಅಪ್ಪ ಮಾಡಲಾರದೆ ಹೋದದ್ದನ್ನು ಆ ಒಂದು ಸದ್ದು ಎಷ್ಟು ಚೆನ್ನಾಗಿ ಮಾಡಿತೆಂದರೆ ನನ್ನ ಮೈ ಜುಮ್ಮೆಂದಿತು. ಪಾರ್ಶ್ವನಾಥ ಮೇಷ್ಟ್ರು ನೋಡಿ, ಇದೇ ನಾನು ಹೇಳಿದ್ದು ಎಂದು ಬೆನ್ನು ತಟ್ಟಿದರು. ಈ ವರ್ಷದ ಬಹುಮಾನ ನಿನಗೇ ಬಂದರೂ ಬರಬಹುದು ಎಂದೂ ಸೇರಿಸಿದರು. ನಾನು ಎರಡು ಮನಸ್ಸಿನಲ್ಲಿ ಒದ್ದಾಡಿದೆ. ಕತೆ ಕತೆಯೇ, ಅದರಲ್ಲಿರುವ ತಂದೆ ನನ್ನ ಅಪ್ಪನೇ ಆಗಬೇಕೆಂದಿಲ್ಲ ಎಂದು ಹೇಳಿಕೊಂಡು ನೋಡಿದೆ. ಆದರೆ ಪರದೆಯ ಮೇಲೆ ನಿಂತಿದ್ದವರು ಅಪ್ಪನೇ. ಆ ಉಗುರು, ಆ ಹಳದಿ ಕಲೆ ಬೇರೆ ಯಾರದೂ ಅಲ್ಲ. ಬಾಗಿಲನ್ನು ಹಿಡಿದು ನಿಂತವನ ಕೈಯಿಂದಲೇ ಅದನ್ನು ಮುಚ್ಚಿಸುವುದು ನನ್ನಿಂದಾಗಲಿಲ್ಲ. ಆ ಸದ್ದನ್ನು ಕಿತ್ತುಹಾಕಿದೆ. ಕತ್ತಲೆಯನ್ನೂ ತೆಗೆದೆ. ಚಪ್ಪಲಿಯ ಮಾತಿದ್ದ ಆ ಕೆಟ್ಟ ಟೇಕನ್ನು ಕೊನೆಗಿಟ್ಟು, ಇಂಚರ ಗೊಂದಲದಿಂದ ತಿರುಗಿದಲ್ಲಿಗೆ ಚಿತ್ರ ನಿಲ್ಲಿಸಿದೆ. ಅದು ಒಳ್ಳೆಯ ಕೊನೆಯಾಗಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಅಷ್ಟೇ.

ಮೇಷ್ಟ್ರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಪ್ರದರ್ಶನದ ಸಂಜೆಗೆ ಅಪ್ಪನನ್ನೂ ಅಕ್ಕನನ್ನೂ ಬೇರೆ ಬೇರೆಯಾಗಿ ಕರೆದಿದ್ದೆ, ಒಬ್ಬರು ಬರುವುದನ್ನು ಇನ್ನೊಬ್ಬರಿಗೆ ತಿಳಿಸಿರಲಿಲ್ಲ. ಅಪ್ಪ ಮುಂದಿನ ಸಾಲಿನಲ್ಲಿ ಕೂತರು. ಅಕ್ಕ ತಡವಾಗಿ ಬಂದು ಬಾಗಿಲ ಪಕ್ಕದಲ್ಲೇ ನಿಂತಳು. ಚಪ್ಪಲಿಯ ಮಾತು ಬಂದಾಗ ಹಿಂದೆ ಯಾರೋ ನಕ್ಕರು, ಅವರ ನಗುವಿಗೆ ಇನ್ನಷ್ಟು ಜನ ನಕ್ಕರು. ನಾನು ಕುರ್ಚಿಯ ಕೈ ಬಿಗಿಹಿಡಿದು ಕೂತೆ. ತೀರ್ಪುಗಾರರಲ್ಲಿ ಒಬ್ಬರು, ಕೊನೆ ಸ್ಪಷ್ಟವಾಗಿಲ್ಲ, ತಂದೆಯ ನಿಲುವೇನೆಂದು ನಿರ್ದೇಶಕಿಗೇ ಗೊತ್ತಿದ್ದಂತಿಲ್ಲ ಎಂದರು. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಹೆಚ್ಚು ಸಿಟ್ಟು ಬಂತು. ಬಹುಮಾನ ಬೇರೆ ಯಾರಿಗೋ ಹೋಯಿತು.

ಎಲ್ಲ ಮುಗಿದ ಮೇಲೆ ಅಪ್ಪನನ್ನೂ ಅಕ್ಕನನ್ನೂ ಹುಡುಕಿಕೊಂಡು ಹೊರಗೆ ಬಂದೆ. ಅಪ್ಪ ಚಿತ್ರದ ಬಗ್ಗೆ ಏನಾದರೂ ಹೇಳುತ್ತಾರೆಂದು ಕಾದೆ. ಶರ್ಟು ಸುಕ್ಕಾಗಿ ಕಾಣುತ್ತಿತ್ತು ಎಂದರು, ಅಷ್ಟೆ. ಅಕ್ಕ ಸ್ವಲ್ಪ ದೂರದಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ನಿಂತಿದ್ದಳು. ಅಪ್ಪ ಅವಳನ್ನು ನೋಡಿದರು. ರಸ್ತೆಯ ಕಡೆ ನಡೆದರು. ಮುಗಿಯಿತು ಅಂದುಕೊಂಡೆ. ಆದರೆ ಅವರು ಗೇಟಿನ ಬಳಿಯ ಸೀಬೆಹಣ್ಣಿನ ಗಾಡಿಯ ಹತ್ತಿರ ನಿಂತರು. ಒಂದೊಂದನ್ನೂ ಒತ್ತಿ ನೋಡಿ ಒಂದು ದೊಡ್ಡ ಹಣ್ಣು ಆರಿಸಿದರು. ಗಾಡಿಯವನು ಅದನ್ನು ಸೀಳಿ, ಉಪ್ಪು ಖಾರ ಹಾಕಲೇ ಎಂದು ಕೇಳಿದ. ಅಪ್ಪ ಹಿಂದಕ್ಕೆ ತಿರುಗಿ ಅಕ್ಕನ ಕಡೆ ನೋಡಿದರು.

ಅಕ್ಕ ಅಲ್ಲೇ ನಿಂತಿದ್ದಳು. ಗಾಡಿಯವನು ಖಾರದ ಡಬ್ಬಿಯ ಮೇಲೆ ಚಮಚ ಹಿಡಿದು ಕಾಯುತ್ತಿದ್ದ. ಕೊನೆಗೆ ಅವಳು, "ಖಾರ ಕಮ್ಮಿ" ಎಂದಳು. ಅಪ್ಪ ಅದನ್ನು ಗಾಡಿಯವನಿಗೆ ಇನ್ನೊಮ್ಮೆ ಹೇಳಿದರು. ಆಮೇಲೆ ಕಾಗದದ ಪೊಟ್ಟಣವನ್ನು ಅಂಗೈಯಲ್ಲಿ ಬಿಡಿಸಿ ಹಿಡಿದು ನಿಂತರು. ಅಕ್ಕ ಹತ್ತಿರ ಬಂದಳು. ಅವರ ಮುಖ ನೋಡದೆ ಒಂದು ಹೋಳು ತೆಗೆದುಕೊಂಡಳು. ಇಬ್ಬರೂ ರಸ್ತೆಯಲ್ಲಿ ಹೋಗಿಬರುವವರನ್ನು ನೋಡುತ್ತ, ನಿಧಾನವಾಗಿ ಅಗಿಯುತ್ತ ನಿಂತರು.