ಗೌಡರು ದಾನ ಕೊಟ್ಟ ಕಣ್ಣು

"ಏ ಶಟ್ಟೆಪ್ಪಾ, ಭಾಡ್ಯಾ, ಹೆಂಡ್ತೀನ ಕರ್ಕೊಂಡು ಹಿಂದಕ್ಕ ಸರಿ! ಕುರುಡಿ ನೆಳ್ಳು ಅಪ್ಪಾರ ಮ್ಯಾಲ ಬೀಳಬಾರ್ದು!"

ನನ್ನನ್ನು ಬೈಯುತ್ತಿದ್ದವನು ಶಿವಲಿಂಗಗೌಡ. ಬೆಳಿಗ್ಗೆ ತೀರಿಕೊಂಡ ಅವನಪ್ಪ ಗುರುನಾಥಗೌಡರನ್ನು ಅಂಗಳದಲ್ಲಿ ಕುರ್ಚಿಯ ಮೇಲೆ ಕೂರಿಸಿ, ವಿಭೂತಿ ಬಳಿದು, ಮುಖಕ್ಕೆ ಫ್ಯಾನು ಹಚ್ಚಿದ್ದರು. ನಾವು ಕೇರಿಯವರು ಗೇಟಿನ ಹೊರಗಿದ್ದೆವು. ಬದುಕಿದ್ದಾಗ ನಮ್ಮನ್ನು ಕಂಡರೆ ಅತ್ತ ತಿರುಗುತ್ತಿದ್ದ ಕಣ್ಣುಗಳು ಈಗ ಅರ್ಧ ತೆರೆದು ನಮ್ಮನ್ನೇ ನೋಡುತ್ತಿದ್ದವು.

ನನ್ನ ಹೆಂಡತಿ ಮಂಜುಳಾಳ ಒಂದು ಕಣ್ಣು ಸಣ್ಣಾಕೆಯಿದ್ದಾಗಲೇ ಹೋಗಿತ್ತು. ಉಳಿದೊಂದನ್ನು ಹೋದ ವರ್ಷ ಗೌಡರ ಹೊಲದಲ್ಲಿ ಕಬ್ಬಿನ ಗರಿ ಕೊಯ್ದಿತು. ದವಾಖಾನೆಗೆ ಹೊರಟರೆ ಗೌಡರು, "ಕಾರ್ಖಾನಿ ಗಾಡಿ ನಿಂತೈತಿ, ಕಬ್ಬು ತುಂಬಿ ಹೋಗ್ರಿ" ಅಂದರು. ಊರ ಮಠದ ಗಂಗಯ್ಯಸ್ವಾಮಿಗಳು ದೂರದಿಂದಲೇ ಕಣ್ಣಿಗೆ ಯಾವುದೋ ಸೊಪ್ಪಿನ ರಸ ಹಿಂಡಿದರು. ಕಣ್ಣಿಗೆ ಬಿಳಿ ಹೂ ಬಿತ್ತು. ಸತ್ತವರ ಕಣ್ಣಿನ ಮೇಲ್ಪದರ ತೆಗೆದು ಹಚ್ಚಿದರೆ ಕಾಣುತ್ತದೆ, ಆದರೆ ಕೊಡುವವರೇ ಇಲ್ಲ ಎಂದರು ದೊಡ್ಡ ಆಸ್ಪತ್ರೆಯಲ್ಲಿ.

ಕೊಡುವವರು ನಮ್ಮೂರಲ್ಲೇ ಇದ್ದರಲ್ಲ! ಗೌಡರು ರಾಮದುರ್ಗದ ನೇತ್ರದಾನ ಶಿಬಿರದಲ್ಲಿ ಸ್ಟೇಜು ಹತ್ತಿ, "ನನ್ನ ಕಣ್ಣು ಬಡವರಿಗೆ" ಎಂದು ಹಾರ ಹಾಕಿಸಿಕೊಂಡು ಬಂದಿದ್ದರು. ಬ್ಯಾನರಿನಲ್ಲಿ ಅವರ ಕಣ್ಣು ಎತ್ತಿನ ಕಣ್ಣಿನಷ್ಟು ದೊಡ್ಡದಿತ್ತು. ನಾವು ಅದನ್ನು ನಂಬಿದ್ದೆವು. ಅದಕ್ಕೇ ಸುದ್ದಿ ತಿಳಿದೊಡನೆ ಆಸ್ಪತ್ರೆಗೆ ನಾನೇ ಫೋನು ಮಾಡಿದೆ.

ಡಾಕ್ಟರ್ ಯಶೋಧಾ ಐಸಿನ ಡಬ್ಬಿ ಹಿಡಿದು ಬಂದರು.

"ಮೊದಲ ಫ್ಯಾನ್ ಬಂದ್ ಮಾಡ್ರಿ. ಕಣ್ಣ ಮುಚ್ಚಿ ಒದ್ದಿ ಬಟ್ಟಿ ಇಡ್ರಿ. ಒಣಗಿದ್ರ ಉಪಯೋಗ ಇಲ್ರಿ."

"ಯಾರಿಗೆ ಹಚ್ಚತೀರಿ?" ಶಿವಲಿಂಗಗೌಡ ಕೇಳಿದ.

"ಹೇಳಾಕ ಬರೂದಿಲ್ರಿ."

ಅವನು ಗೇಟಿನತ್ತ ತಿರುಗಿ ಮಂಜುಳಾಳನ್ನು ನೋಡಿದ. "ಈಕಿಗೇನ? ನಮ್ಮಪ್ಪನ ಕಣ್ಣು ಹೊಲಗೇರ್ಯಾಗ ಹೋಗಿ ಕುಂಡ್ರಬೇಕೇನ?"

"ಕಣ್ಣಿಲ್ಲದ ಗೌಡ್ರು ಶಿವನ ದಾರಿ ಹೆಂಗ ಹಿಡೀಬೇಕ್ರಿ?" ಎಂದರು ಗಂಗಯ್ಯಸ್ವಾಮಿಗಳು.

ಶಿವಲಿಂಗಗೌಡನಿಗೆ ಉಪಾಯ ಹೊಳೆಯಿತು. "ಮೇಡಮ್ಮಾರ, ಡಬ್ಬಿ ಹಿಡ್ಕೊಂಡು ಅಪ್ಪಾರ ಬಾಜೂಕ ನಿಂದರ್ರಿ. ಒಂದ ಫೋಟೋ ತಗಸೂಣು, ಪೇಪರಿಗೆ ಕೊಡಾಕ. ಕಣ್ಣು ಮಾತ್ರ ಬ್ಯಾಡ."

ನಾನು ನಿಂತಲ್ಲೇ ನಿಂತೆ. ನನ್ನವ್ವ ಮುದಕವ್ವ ನಿಲ್ಲಲಿಲ್ಲ. ಜನ್ಮದಲ್ಲಿ ದಾಟದ ಗೇಟು ದಾಟಿ ಒಳಗೆ ಹೋದಳು. ಫ್ಯಾನಿನ ವಾಯರು ಕಿತ್ತಳು. ಪೂಜೆಯ ಕೊಡದಲ್ಲಿ ಸೆರಗು ಅದ್ದಿ, ಗೌಡರ ರೆಪ್ಪೆ ಎಳೆದು ಮುಚ್ಚಿ, ಮೇಲೆ ಒತ್ತಿ ಹಿಡಿದಳು.

"ಮುಟ್ಟಿಬಿಟ್ಲಲ್ಲೋ, ರಂಡಿ!" ಗಂಗಯ್ಯಸ್ವಾಮಿಗಳು ಚೀರಿದರು.

"ಹೂನ್ರಿ, ಮುಟ್ಟೇನಿ. ಇನ್ನ ಈ ಕಣ್ಣು ಮೈಲಗಿ ಆದುವು. ನಿಮಗೂ ಬ್ಯಾಡ, ನಿಮ್ಮ ಶಿವಗೂ ಬ್ಯಾಡ. ಡಾಕ್ಟರ್ ಬಾಯಾರ, ಬರ್ರಿ."

ಅವಳನ್ನು ಎಳೆದು ಹಾಕಲು ನಾಲ್ಕು ಜನ ಮುನ್ನುಗ್ಗಿದರು. ಎಳೆಯಬೇಕೆಂದರೆ ಅವಳನ್ನು ಮುಟ್ಟಬೇಕಿತ್ತು. ನಾಲ್ವರೂ ಅಲ್ಲೇ ನಿಂತರು.